ಒಂದೇ ಇಂಗ್ಲಿಷ್ ಪದ, ಹಲವು ಉಚ್ಚಾರ: ಸಂದರ್ಭ ಮತ್ತು ಮಾತುಗಾರರನ್ನು ನೋಡಿ ತಿಳಿಯುವ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಆಸ್ನ, ಆಸ್ನ, ಆಸ್ನ" ಅಂತ ಕೂಗುತ್ತಾನೆ. ಅದೇ ಮನುಷ್ಯ ಡಿಪೋದಲ್ಲಿ ಸಾಹೇಬರ ಮುಂದೆ ನಿಂತರೆ "ಹಾಸನದ ಗಾಡಿ, ಸಾರ್" ಅನ್ನುತ್ತಾನೆ. ರೇಡಿಯೊದಲ್ಲಿ ವಾರ್ತೆ ಓದುವವರು ಮೂರಕ್ಷರವನ್ನೂ ಬಿಡಿಸಿ ಹೇಳುತ್ತಾರೆ. ದೆಹಲಿಯಿಂದ ಬಂದವರು ಬೋರ್ಡಿನ ಇಂಗ್ಲಿಷ್ ಅಕ್ಷರ ಓದಿಕೊಂಡು "ಹಸನ್ ಎಷ್ಟು ದೂರ?" ಎಂದು ಕೇಳುತ್ತಾರೆ. ಕೊನೆಯವರನ್ನು ಬಿಟ್ಟರೆ ಯಾರ ಮಾತೂ ನಮಗೆ ತಪ್ಪೆನಿಸುವುದಿಲ್ಲ. ಯಾರು, ಯಾರಿಗೆ, ಎಲ್ಲಿ ನಿಂತು ಹೇಳುತ್ತಿದ್ದಾರೆ ಅನ್ನುವುದನ್ನು ಕಿವಿ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ.

ಇಂಗ್ಲಿಷ್ ವಿಷಯಕ್ಕೆ ಬಂದರೆ ಮಾತ್ರ ಈ ಬುದ್ಧಿ ಕೈಕೊಡುತ್ತದೆ. "ಇದರ ಕರೆಕ್ಟ್ ಉಚ್ಚಾರ ಯಾವುದು ಹೇಳಿ ಸಾರ್" ಎಂದು ಕೇಳುತ್ತೇವೆ, ಒಂದೇ ಒಂದು ಉತ್ತರ ಇರಬೇಕು ಎನ್ನುವ ಹಾಗೆ. ಹೋಂಸ್ಟೇ ನಡೆಸುವವರು, ಬೇಲೂರು ಹಳೇಬೀಡಿನಲ್ಲಿ ಗೈಡ್ ಕೆಲಸ ಮಾಡುವವರು, ಇಂಟರ್‌ವ್ಯೂಗೆ ತಯಾರಾಗುತ್ತಿರುವ ಡಿಗ್ರಿ ಹುಡುಗ ಹುಡುಗಿಯರು, ಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುವ ಮೇಷ್ಟ್ರು, ಇವರೆಲ್ಲರಿಗಾಗಿ ಈ ಮಾರ್ಗದರ್ಶಿ ಬರೆದಿದ್ದೇನೆ. ಒಂದು ಪದ ಸಿಕ್ಕಾಗ ಅದು ಯಾವ ಸಾಲಿನಲ್ಲಿ, ಯಾರ ಬಾಯಲ್ಲಿ ಹೇಗೆ ಬದಲಾಗುತ್ತದೆಂದು ನೀವೇ ಪತ್ತೆ ಹಚ್ಚಬೇಕು. ಕೇಳುವಾಗ ಎಲ್ಲ ರೂಪಗಳೂ ಗೊತ್ತಿರಬೇಕು, ಹೇಳುವಾಗ ಒಂದನ್ನು ಹಿಡಿದರೆ ಸಾಕು. ನಾನು ಹೇಳಹೊರಟಿರುವುದು ಇಷ್ಟೇ.

ಎರಡು ಗುರುತು ಮೊದಲೇ ತಿಳಿದಿರಲಿ. ನಿಘಂಟುಗಳಲ್ಲಿರುವಂತೆ ಒತ್ತು ಬೀಳುವ ಭಾಗದ ಮುಂದೆ ˈ ಎಂಬ ಸಣ್ಣ ಗೆರೆ ಹಾಕಿದ್ದೇನೆ. ಇನ್ನೊಂದು, ಇಂಗ್ಲಿಷಿನಲ್ಲಿ ಒತ್ತಿಲ್ಲದ ಕಡೆ ಬರುವ ಮಾಸಲು ಸ್ವರ. ಅದಕ್ಕೆ ಶ್ವಾ ಎನ್ನುತ್ತಾರೆ, ನಿಘಂಟಿನಲ್ಲಿ ತಲೆಕೆಳಗಾದ ಇಂಗ್ಲಿಷಿನ ಸಣ್ಣ 'ಇ' ಅಕ್ಷರದ ಹಾಗೆ ಕಾಣುತ್ತದೆ. "ಮರ" ಎನ್ನುವಾಗ ಕೊನೆಗೆ ಬರುವ ನಮ್ಮ ಅ ಇದಕ್ಕೆ ಹತ್ತಿರದ ಸಂಬಂಧಿ. ಹಾಗಾಗಿ ಇಲ್ಲಿ ಅದನ್ನು ಅ ಎಂದೇ ಬರೆದಿದ್ದೇನೆ.

ಹೆಜ್ಜೆ 1: ಪದವನ್ನು ಸಾಲಿನೊಳಗೆ ಕೂರಿಸಿ, ಅದು ಏನು ಕೆಲಸ ಮಾಡುತ್ತಿದೆ ನೋಡಿ

ಬಿಡಿ ಪದವನ್ನು ಹಿಡಿದು ಉಚ್ಚಾರ ಹುಡುಕಲು ಹೋಗಬೇಡಿ. ಪೂರ್ತಿ ಸಾಲು ಬರೆದುಕೊಳ್ಳಿ, ಪದ ಅಲ್ಲಿ ನಾಮಪದವೋ ಕ್ರಿಯಾಪದವೋ ಗುರುತು ಮಾಡಿ.

ಕಾಫಿ ಬೆಳೆಗಾರರ ಮಾತಿನಿಂದಲೇ ತೆಗೆದುಕೊಳ್ಳೋಣ. ಬೆಳೆದ ಫಸಲು ಎನ್ನುವ ಅರ್ಥದಲ್ಲಿ ˈಪ್ರಾಡ್ಯೂಸ್, ಬೆಳೆಯುವುದು ಎನ್ನುವ ಅರ್ಥದಲ್ಲಿ ಪ್ರˈಡ್ಯೂಸ್. "ವಿ ಪ್ರˈಡ್ಯೂಸ್ ಅರೇಬಿಕಾ, ಅವರ್ ˈಪ್ರಾಡ್ಯೂಸ್ ಗೋಸ್ ಟು ದ ಕ್ಯೂರಿಂಗ್ ವರ್ಕ್ಸ್." ಒಂದೇ ಸಾಲಿನಲ್ಲಿ, ಒಂದೇ ಸ್ಪೆಲ್ಲಿಂಗಿನಲ್ಲಿ, ಎರಡು ಉಚ್ಚಾರ. ರಫ್ತಿನ ಮಾಲು ˈಎಕ್ಸ್‌ಪೋರ್ಟ್, ರಫ್ತು ಮಾಡುವುದು ಇಕ್ˈಸ್ಪೋರ್ಟ್. ಚಾರಣಕ್ಕೆ ಅರಣ್ಯ ಇಲಾಖೆ ಕೊಡುವ ಚೀಟಿ ˈಪರ್ಮಿಟ್, ಅನುಮತಿ ಕೊಡುವುದು ಪರ್ˈಮಿಟ್. ಮಳೆಯ ಲೆಕ್ಕ ಬರೆದಿಟ್ಟ ಪುಸ್ತಕ ˈರೆಕಾರ್ಡ್, ಬರೆದಿಡುವ ಕೆಲಸ ರಿˈಕಾರ್ಡ್. ಇಂಥ ಎರಡು ಭಾಗದ ಜೋಡಿಗಳಲ್ಲಿ ನಾಮಪದಕ್ಕೆ ಒತ್ತು ಮುಂದೆ, ಕ್ರಿಯಾಪದಕ್ಕೆ ಹಿಂದೆ. ಹಾಗೆಂದು ಎಲ್ಲ ಪದಕ್ಕೂ ಇದನ್ನೇ ಅಂಟಿಸಲು ಹೋಗಬೇಡಿ. ರಿಪೋರ್ಟ್, ಕಂಟ್ರೋಲ್, ರಿಪೇರ್, ಸಪೋರ್ಟ್ ಯಾವ ಕೆಲಸ ಮಾಡಿದರೂ ಒತ್ತು ಎರಡನೆಯ ಭಾಗಕ್ಕೇ. ಆನ್ಸರ್, ವಿಸಿಟ್‌ಗಳಲ್ಲಿ ಯಾವಾಗಲೂ ಮೊದಲ ಭಾಗಕ್ಕೆ.

ನಮಗೆ ಇದು ಕಷ್ಟವಾಗಲು ಕಾರಣವಿದೆ. ಕನ್ನಡದಲ್ಲಿ ಒತ್ತಿನ ಜಾಗ ಬದಲಾಯಿಸಿದರೆ ಪದದ ಅರ್ಥ ಬದಲಾಗುವುದಿಲ್ಲ. ಹ್ರಸ್ವ ದೀರ್ಘ ಬದಲಾದರೆ ಮಾತ್ರ ಬಳೆ ಹೋಗಿ ಬಾಳೆ ಆಗುತ್ತದೆ. ಹಾಗಾಗಿ ಒತ್ತು ಎಂದ ಕೂಡಲೇ ನಾವು ಜೋರಾಗಿ ಕೂಗುತ್ತೇವೆ. ಇಂಗ್ಲಿಷಿನ ಒತ್ತಿನಲ್ಲಿ ಜೋರು ಒಂದು ಪಾಲು ಮಾತ್ರ. ಆ ಭಾಗ ಕೊಂಚ ಉದ್ದವಾಗುತ್ತದೆ, ದನಿ ಮೇಲೇರುತ್ತದೆ, ಜೊತೆಗೆ ಒತ್ತಿಲ್ಲದ ಪಕ್ಕದ ಸ್ವರ ಮಾಸಿ ಶ್ವಾ ಆಗುತ್ತದೆ. ಈ ಮಾಸುವುದನ್ನು ಕಲಿತರೆ ಅರ್ಧ ಕೆಲಸ ಮುಗಿಯಿತು.

ಎಸ್ಟಿಮೇಟ್, ಗ್ರ್ಯಾಜುಯೇಟ್, ಸೆಪರೇಟ್, ಡುಪ್ಲಿಕೇಟ್ ಇವು ಇನ್ನೊಂದು ಗುಂಪು. ಇಲ್ಲಿ ಮುಖ್ಯ ಒತ್ತು ಜಾಗ ಬಿಡುವುದಿಲ್ಲ, ಬಾಲ ಮಾತ್ರ ಬದಲಾಗುತ್ತದೆ. ಕಂಟ್ರಾಕ್ಟರ್ ಕೊಡುವ ಕಾಗದ ˈಎಸ್ಟಿಮಟ್, ಅಂದಾಜು ಹಾಕುವ ಕೆಲಸ ˈಎಸ್ಟಿಮೇಯ್ಟ್. ಡಿಗ್ರಿ ಮುಗಿಸಿದವರು ˈಗ್ರ್ಯಾಜುಅಟ್, ಮುಗಿಸುವುದು ˈಗ್ರ್ಯಾಜುಯೇಯ್ಟ್. ಯೂಸ್, ಕ್ಲೋಸ್, ಎಕ್ಸ್‌ಕ್ಯೂಸ್ ಮೂರರಲ್ಲಿ ಕೊನೆಯ ವ್ಯಂಜನ ತಿರುಗುತ್ತದೆ. ಉಪಯೋಗ ಎನ್ನುವಾಗ, ಹತ್ತಿರ ಎನ್ನುವಾಗ, ನೆಪ ಎನ್ನುವಾಗ ಶುದ್ಧ ಸ್. ಉಪಯೋಗಿಸು, ಮುಚ್ಚು, ಕ್ಷಮಿಸು ಎನ್ನುವಾಗ ಜೇನುನೊಣ ಝೇಂಕರಿಸುವಂಥ ಸದ್ದು.

ಸ್ಪೆಲ್ಲಿಂಗ್ ಒಂದೇ ಇದ್ದು ಪದವೇ ಬೇರೆ ಆಗಿರುವುದೂ ಉಂಟು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಬೀಸುವ ಗಾಳಿ ವಿಂಡ್, ಅಲ್ಲಿಗೆ ಹೋಗುವ ದಾರಿ ಬಳಸಿ ಬಳಸಿ ಏರುವುದು ವೈಂಡ್. ಮೂಡಿಗೆರೆಯಲ್ಲಿ ವಾಸ ಮಾಡುವುದು ಲಿವ್, ಉತ್ಸವದಲ್ಲಿ ನೇರವಾಗಿ ನಡೆಯುವ ಸಂಗೀತ ಲೈವ್. ಇವಕ್ಕೆ ಸೂತ್ರ ಇಲ್ಲ, ಸಿಕ್ಕಾಗ ಬರೆದುಕೊಳ್ಳುವುದೊಂದೇ ದಾರಿ.

ಹೆಜ್ಜೆ 2: ಆ ಸಾಲಿನಲ್ಲಿ ಪದಕ್ಕೆ ತೂಕ ಇದೆಯೇ?

ಇಂಗ್ಲಿಷಿನ ಚಿಲ್ಲರೆ ಪದಗಳು, ಅಂದರೆ ಕ್ಯಾನ್, ಆಫ್, ಟು, ಫಾರ್, ಆ್ಯಂಡ್, ವಾಸ್, ಹ್ಯಾವ್, ಹಿಮ್ ಮುಂತಾದವು, ಎರಡೆರಡು ವೇಷ ಹಾಕುತ್ತವೆ. ಸಾಲಿನ ನಡುವೆ ತೂಕವಿಲ್ಲದಾಗ ಕುಗ್ಗಿದ ರೂಪ, ಒತ್ತಿ ಹೇಳುವಾಗ ಅಥವಾ ಸಾಲಿನ ಕೊನೆಯಲ್ಲಿ ಪೂರ್ಣ ರೂಪ. ನಾವು ಭಾರತೀಯರು ಎಲ್ಲ ಕಡೆ ಪೂರ್ಣ ರೂಪವನ್ನೇ ಹೇಳುತ್ತೇವೆ. ಬಹುತೇಕ ಕಡೆ ನಷ್ಟವೇನಿಲ್ಲ, ಆದರೆ ಒಂದು ಕಡೆ ಏಟು ಬೀಳುತ್ತದೆ. ಅದನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಅಮೆರಿಕದ ಅತಿಥಿಯೊಬ್ಬರು ಹೋಂಸ್ಟೇಗೆ ಫೋನ್ ಮಾಡುತ್ತಾರೆ. ಬರುವುದು ರಾತ್ರಿ ಹತ್ತಾಗುತ್ತದೆ, ಊಟ ಸಿಗುತ್ತದೆಯೇ ಎಂದು ಕೇಳುತ್ತಾರೆ. ನಮ್ಮವರು ಪ್ರತಿ ಪದಕ್ಕೂ ಸಮನಾಗಿ ಒತ್ತುಕೊಟ್ಟು "ವೀ ಕ್ಯಾನ್ ಗಿವ್ ಡಿನ್ನರ್ ಸಾರ್" ಅನ್ನುತ್ತಾರೆ. ಆ ಕಡೆ ಒಂದು ಕ್ಷಣ ಮೌನ. ಆಮೇಲೆ "ಸೋ ನೋ ಡಿನ್ನರ್?" ಎಂಬ ಪ್ರಶ್ನೆ.

ಆದದ್ದು ಏನೆಂದರೆ, ಅಮೆರಿಕನ್ನರ ಮಾತಿನಲ್ಲಿ "ಆಗುತ್ತದೆ" ಎನ್ನುವ ಕ್ಯಾನ್ ಸಾಲಿನ ನಡುವೆ ಬಂದಾಗ ಕನ್ ಆಗಿ, ಇನ್ನೂ ಕುಗ್ಗಿ ಕ್ನ್ ಆಗಿಬಿಡುತ್ತದೆ: "ವಿ ಕ್ನ್ ˈಗಿವ್ ಯು ಡಿನ್ನರ್." "ಆಗುವುದಿಲ್ಲ" ಎನ್ನುವ ಕ್ಯಾಂಟ್ ಪೂರ್ಣ ಸ್ವರದೊಂದಿಗೆ ಬರುತ್ತದೆ, ಆದರೆ ಕೊನೆಯ ಟ್ ಅನೇಕ ಸಲ ಗಂಟಲಲ್ಲೇ ಉಳಿಯುತ್ತದೆ. ಅಂದರೆ ಅವರ ಕಿವಿ ಹೌದು ಅಲ್ಲಗಳನ್ನು ಬೇರೆ ಮಾಡುವುದು ಟ್ ಹಿಡಿದಲ್ಲ, ಸ್ವರದ ತೂಕ ಹಿಡಿದು. ನಮ್ಮವರು ಹೌದು ಅನ್ನಲು ಬಳಸಿದ ತೂಕದ ಕ್ಯಾನ್ ಅವರಿಗೆ ಅಲ್ಲ ಎಂದು ಕೇಳಿಸಿತು. ಇಂಗ್ಲೆಂಡಿನ ದಕ್ಷಿಣದವರಾಗಿದ್ದರೆ ಈ ಗೊಂದಲ ಕಡಿಮೆ, ಅವರ ನಿಷೇಧ ರೂಪ ಕಾಂಟ್, ದೀರ್ಘ ಆ.

ಪರಿಹಾರ ಸುಲಭ. "ಯೆಸ್, ವಿ ಕ್ಯಾನ್" ಎಂದು ಕ್ಯಾನ್ ಅನ್ನು ಕೊನೆಗೆ ತನ್ನಿ, ಅಲ್ಲಿ ಎಲ್ಲರೂ ಪೂರ್ಣ ರೂಪವನ್ನೇ ಹೇಳುತ್ತಾರೆ. ಆಗದಿದ್ದರೆ "ಸಾರಿ, ವಿ ಕ್ಯಾನಾಟ್" ಎಂದು ಬಿಡಿಸಿ ಹೇಳಿ. ಫೋನಿನಲ್ಲಿ ಹೌದು ಅಲ್ಲ ಎಂಬ ಉತ್ತರವನ್ನು ಒಂದು ಟ್ ಮೇಲೆ ನೇತುಹಾಕಬೇಡಿ.

ಉಳಿದವು ಬೇಗ ಮುಗಿಯುತ್ತವೆ. ಆಫ್ ಎಂದು ನಾವು ಹೇಳುವ ಪದದ ಕೊನೆಯಲ್ಲಿರುವುದು ವ್ ಸದ್ದು: ಅವ್. ವೇಗದಲ್ಲಿ ಅದೂ ಹೋಗಿ ಬರೀ ಅ ಉಳಿಯುತ್ತದೆ, ಅತಿಥಿ ಕೇಳುವುದು "ಕಪ್ಪ ಕಾಫಿ". "ವಾಟ್ ಇಸ್ ಇಟ್ ಮೇಡ್ ಆವ್?" ಎಂದು ಕೊನೆಗೆ ಬಂದಾಗ ಮತ್ತೆ ಪೂರ್ಣ ರೂಪ. ಹಿಮ್, ಹರ್, ಹ್ಯಾವ್‌ಗಳ ಹ ಸಾಲಿನ ನಡುವೆ ಉದುರುತ್ತದೆ, "ಟೆಲ್ ಹಿಮ್" ಎನ್ನುವುದು "ಟೆಲಿಮ್" ಆಗುತ್ತದೆ. ನಮ್ಮ ಕಡೆ ಹಾಲು ಆಲು ಆದರೆ ನಗುವವರಿದ್ದಾರೆ. ಇಂಗ್ಲೆಂಡಿನಲ್ಲೂ ಹೌಸ್ ಅನ್ನು ಔಸ್ ಎಂದರೆ ಓದಿಲ್ಲದವರು ಎಂದು ಮೂಗು ಮುರಿಯುತ್ತಾರೆ. ಆದರೆ ಮೂಗು ಮುರಿಯುವ ಆ ಜನರೇ ಟೆಲಿಮ್ ಎನ್ನುತ್ತಾರೆ, ಅದು ಅವರ ಗಮನಕ್ಕೇ ಬಂದಿರುವುದಿಲ್ಲ.

ಹೆಜ್ಜೆ 3: ಅಕ್ಕಪಕ್ಕ ಏನಿದೆ? ಇಂಗ್ಲಿಷಿಗೂ ಸಂಧಿ ಇದೆ

ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ ಲೋಪ, ಆಗಮ, ಆದೇಶ ನೆನಪು ಮಾಡಿಕೊಳ್ಳಿ. ಊರು ಊರು ಸೇರಿ ಊರೂರು ಆಗುವಾಗ ಒಂದು ಸ್ವರ ಬಿದ್ದುಹೋಗುತ್ತದೆ. ಮನೆಗೆ ಅನ್ನು ಸೇರಿದರೆ ನಡುವೆ ಯಕಾರ ಬಂದು ಮನೆಯನ್ನು. ಮಳೆಗೆ ಕಾಲ ಸೇರಿದರೆ ಕಕಾರ ಗಕಾರವಾಗಿ ಮಳೆಗಾಲ. ಇಂಗ್ಲಿಷ್ ಮಾತಿನಲ್ಲಿ ಪದಗಳು ತಾಗಿದಾಗ ನಡೆಯುವುದನ್ನೂ ಈ ಮೂರೇ ಹೆಸರಿನಿಂದ ಹಿಡಿಯಬಹುದು. ಇಂಗ್ಲಿಷ್ ವ್ಯಾಕರಣದ ಪುಸ್ತಕಗಳಿಗಿಂತ ನಮ್ಮ ಹಳೆಯ ಪಾಠವೇ ಇದನ್ನು ಚೆನ್ನಾಗಿ ವಿವರಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಲೋಪ: "ನೆಕ್ಸ್ಟ್ ಡೇ" ಎನ್ನುವಾಗ ನಡುವಿನ ಟ್ ಬಿದ್ದು "ನೆಕ್ಸ್ ಡೇ".

ಆಗಮ: "ಗೋ ಔಟ್" ಎನ್ನುವಾಗ ನಡುವೆ ವಕಾರ ಬಂದು "ಗೋವೌಟ್". ಇಂಗ್ಲೆಂಡಿನ ಬಹುಪಾಲು ಜನ ಕಾರ್ ಪದದ ರ್ ಹೇಳುವುದಿಲ್ಲ, ಅವರದು ಬರೀ "ಕಾ". ಮುಂದೆ ಸ್ವರ ಬಂದರೆ ಮಾತ್ರ ಅಡಗಿದ್ದ ರ್ ಎದ್ದು ಬರುತ್ತದೆ, "ದ ಕಾರಿಝ್ ಹಿಯ". ಅಭ್ಯಾಸ ಬಲದಿಂದ, ಸ್ಪೆಲ್ಲಿಂಗಿನಲ್ಲೇ ಇಲ್ಲದ ಕಡೆಯೂ ರ್ ನುಸುಳುತ್ತದೆ. "ಲಾ ಆ್ಯಂಡ್ ಆರ್ಡರ್" ಅವರ ಬಾಯಲ್ಲಿ "ಲಾರಂಡ್ ಆಡ" ಎಂದು ಕೇಳಿಸುವುದು ಹೀಗೆ.

ಆದೇಶ: ಕಾಫಿ ವ್ಯಾಪಾರದ "ಗ್ರೀನ್ ಬೀನ್ಸ್" ವೇಗದಲ್ಲಿ "ಗ್ರೀಮ್ ಬೀನ್ಸ್" ಆಗುತ್ತದೆ. ಮುಂದಿನ ಬಕಾರಕ್ಕೆ ತುಟಿ ಸೇರಬೇಕಾದ್ದರಿಂದ ನಕಾರವೂ ತುಟಿಗೇ ಬರುತ್ತದೆ. "ಹ್ಯಾವ್ ಟು" ಎನ್ನುವುದು "ಹ್ಯಾಫ್ಟು". "ಯೂಸ್ಡ್ ಟು" ಅಂದರೆ ಮೊದಲು ಮಾಡುತ್ತಿದ್ದೆವು ಎನ್ನುವಾಗ "ಯೂಸ್ಟು".

ಕನ್ನಡದ ಸಂಧಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ನಾವು ಸಂಧಿಯನ್ನು ಬರೆಯುತ್ತೇವೆ, ಅವರು ಬರೆಯುವುದಿಲ್ಲ. ನಿಧಾನವಾಗಿ ಮಾತಾಡಿದರೆ ಇವುಗಳಲ್ಲಿ ಅನೇಕವು ಮಾಯವಾಗುತ್ತವೆ. ಆದ್ದರಿಂದ ಇವನ್ನು ಕಿವಿಗೆ ಕಲಿಸಿ, ನಾಲಿಗೆಗೆ ಒತ್ತಾಯಿಸಬೇಡಿ.

ನಾಲಿಗೆಗೂ ಕಲಿಸಲೇಬೇಕಾದ ಎರಡಿವೆ. ಒಂದು, ದ ಮತ್ತು ದಿ. ಮುಂದಿನ ಪದ ವ್ಯಂಜನದ ಸದ್ದಿನಿಂದ ಶುರುವಾದರೆ ದ, ಸ್ವರದ ಸದ್ದಿನಿಂದಾದರೆ ದಿ: ದ ಟೆಂಪಲ್, ದಿ ಎಸ್ಟೇಟ್. ಸ್ಪೆಲ್ಲಿಂಗ್ ನೋಡಬೇಡಿ. ಯೂನಿವರ್ಸಿಟಿಯ ಮೊದಲ ಸದ್ದು ಯಕಾರ, ಅದಕ್ಕೆ ದ. ಅವರ್ ಎಂದು ಓದುವ ಗಂಟೆಯಲ್ಲಿ ಹ ಇದ್ದರೂ ಸದ್ದಿಲ್ಲ, ಅದಕ್ಕೆ ದಿ.

ಇನ್ನೊಂದು, ಭೂತಕಾಲದ ಬಾಲ. ಕಾಫಿ ಗಿಡದಿಂದ ಹೊರಟು ಲೋಟ ಸೇರುವವರೆಗಿನ ಕೆಲಸಗಳನ್ನು ಹೇಳಿದರೆ ಮೂರು ರೂಪಗಳೂ ಬಂದುಬಿಡುತ್ತವೆ. ಹಣ್ಣು ಪಿಕ್ಟ್, ಪಲ್ಪ್ಟ್, ವಾಷ್ಟ್: ಕ್, ಪ್, ಷ್ ನಂತಹ ಉಸಿರಿನ ಸದ್ದಿನ ಮೇಲೆ ಟ್. ಆಮೇಲೆ ಡ್ರೈಡ್, ಹಲ್ಡ್, ಕ್ಯೂರ್ಡ್: ಸ್ವರ ಅಥವಾ ದನಿಯುಳ್ಳ ವ್ಯಂಜನದ ಮೇಲೆ ಡ್. ಕೊನೆಗೆ ಗ್ರೇಡಿಡ್, ರೋಸ್ಟಿಡ್: ಟ್ ಡ್ ಗಳ ಮೇಲೆ ಮಾತ್ರ ಇಡ್. "ಪಿಕ್ಕೆಡ್, ವಾಷೆಡ್" ಎಂದು ಎಲ್ಲಕ್ಕೂ ಎಡ್ ಅಂಟಿಸುವುದು ಅಕ್ಷರ ನೋಡಿ ಓದುವ ಚಟ, ಅದನ್ನು ಬಿಡಬೇಕು.

ಹೆಜ್ಜೆ 4: ಹೇಳುವವರು ಎಲ್ಲಿಯವರು?

ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ, ಪ್ರತಿಷ್ಠೆಯಾದ ಚೆನ್ನಕೇಶವನ ಗುಡಿಯಲ್ಲಿ ಗೈಡ್ ಆದವರು ಒಂದೇ ದಿನ ಹತ್ತು ಊರಿನ ಇಂಗ್ಲಿಷ್ ಕೇಳಬೇಕಾಗುತ್ತದೆ. ಅವರು ಎಲ್ಲವನ್ನೂ ಕಲಿಯಬೇಕಿಲ್ಲ. ಎರಡು ಮೂರು ಸದ್ದು ಗಮನಿಸಿದರೆ ಎದುರಿಗಿರುವವರು ಸುಮಾರು ಎಲ್ಲಿಯವರೆಂದು ಗೊತ್ತಾಗುತ್ತದೆ, ಮುಂದಿನ ಪದಗಳನ್ನು ಕಿವಿಯೇ ಊಹಿಸುತ್ತದೆ.

ಮೊದಲು ರ್ ಹಿಡಿಯಿರಿ. ಪಿಲ್ಲರ್, ಸ್ಕಲ್ಪ್‌ಚರ್ ಪದಗಳ ಕೊನೆಯಲ್ಲಿ ರ್ ಕೇಳಿಸಿದರೆ ಅಮೆರಿಕ, ಕೆನಡಾ, ಸ್ಕಾಟ್‌ಲೆಂಡ್ ಅಥವಾ ಐರ್ಲೆಂಡ್ ಇರಬಹುದು. ಕೇಳಿಸದಿದ್ದರೆ ಇಂಗ್ಲೆಂಡಿನ ಬಹುಭಾಗ, ಆಸ್ಟ್ರೇಲಿಯಾ, ನ್ಯೂಜಿಲೆಂಡ್. ಈ ವಿಷಯದಲ್ಲಿ ಕನ್ನಡಿಗರ ಬಾಯಿ ಲಂಡನ್ನಿಗಿಂತ ಎಡಿನ್‌ಬರಾಕ್ಕೆ ಹತ್ತಿರ. ನಾವು ಬರೆದ ರ್ ಬಿಡುವವರಲ್ಲ.

ಆಮೇಲೆ ಡಾನ್ಸ್. ಗೋಡೆಯ ಮದನಿಕೆಯನ್ನು ತೋರಿಸಿ ಅತಿಥಿ ಡಾನ್ಸಿಂಗ್ ಎಂದರೆ ದಕ್ಷಿಣ ಇಂಗ್ಲೆಂಡ್, ಡ್ಯಾನ್ಸಿಂಗ್ ಎಂದರೆ ಅಮೆರಿಕ ಅಥವಾ ಇಂಗ್ಲೆಂಡಿನ ಉತ್ತರ ಭಾಗ. ಕ್ಲಾಸ್, ಆಸ್ಕ್, ಬಾತ್‌ಗಳದ್ದೂ ಇದೇ ಕಥೆ. ಮೂರನೆಯದು ವಾಟರ್. ಅಮೆರಿಕನ್ನರ ಬಾಯಲ್ಲಿ ಸ್ವರಗಳ ನಡುವಿನ ಟ್ ನಾಲಿಗೆಯ ಒಂದು ಚಿಟಿಕೆ ಮಾತ್ರ, ನಮಗೆ "ವಾಡರ್" ಎಂದು ಕೇಳಿಸುತ್ತದೆ. ಲಂಡನ್ನಿನ ಬೀದಿ ಮಾತಿನಲ್ಲಿ ಅದೇ ಟ್ ಗಂಟಲಿಗೆ ಇಳಿದು "ವಾ'ಅ".

ಬಿಡಿ ಪದಗಳ ಸಣ್ಣ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ ಶೆಡ್ಯೂಲ್, ಅಮೆರಿಕದಲ್ಲಿ ಸ್ಕೆಜುಲ್ (ಬ್ರಿಟನ್ನಿನ ಹೊಸ ತಲೆಮಾರಿನಲ್ಲೂ ಸ್ಕ ಹೆಚ್ಚುತ್ತಿದೆ). ಟಮಾಟೊ, ಟಮೇಟೊ. ಹರ್ಬ್, ಅಮೆರಿಕದಲ್ಲಿ ಹ ಇಲ್ಲದ ಅರ್ಬ್. ಲˈಬಾರಟ್ರಿ, ˈಲ್ಯಾಬ್ರಟೋರಿ. ಅಡ್ˈವರ್ಟಿಸ್‌ಮಂಟ್, ಆ್ಯಡ್ವರ್ˈಟೈಝ್‌ಮಂಟ್. ಲೆಫ್ಟೆನಂಟ್, ಲೂಟೆನಂಟ್. ಝೆಡ್, ಝೀ. ಐದರ್, ಈದರ್ ಎರಡೂ ಎರಡು ದೇಶಗಳಲ್ಲೂ ಓಡುತ್ತವೆ, ಅದನ್ನು ಹಿಡಿದು ಊರು ಹೇಳಲು ಹೋಗಬೇಡಿ.

ಹೆಸರುಗಳಿಗೆ ಬೇರೆ ನಿಯಮ: ಹೆಸರು ಯಾರದೋ ಅವರ ಉಚ್ಚಾರ. ಅಮೆರಿಕದ ಟೆಕ್ಸಸ್ ರಾಜ್ಯದ ನಗರ ಹ್ಯೂಸ್ಟನ್, ಅದೇ ಸ್ಪೆಲ್ಲಿಂಗಿನ ನ್ಯೂಯಾರ್ಕಿನ ಬೀದಿ ಹೌಸ್ಟನ್. ಲಂಡನ್ನಿನ ನದಿ ಟೆಮ್ಸ್. ಹಾಗೆಯೇ ನಮ್ಮೂರು ಹಾಸನ. 2014ರಲ್ಲಿ ಚಿಕ್ಕಮಗಳೂರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಕನ್ನಡಕ್ಕೆ ಹತ್ತಿರ ಬಂತು, ಹಾಸನದ್ದು ಹಳೆಯದೇ ಉಳಿಯಿತು. ಪ್ರವಾಸಿಗರಿಗೆ ಹೆಸರು ಹೇಳುವಾಗ ಅವರ "ಹಸನ್"ಗೆ ನಾವು ಇಳಿಯಬೇಕಾಗಿಲ್ಲ. ನಗುತ್ತಲೇ "ಹಾಸನ" ಎಂದು ಇನ್ನೊಮ್ಮೆ ಹೇಳಿ, ಕಲಿಯುತ್ತಾರೆ.

ಹೆಜ್ಜೆ 5: ಅದೇ ಮನುಷ್ಯ, ಬೇರೆ ಹೊತ್ತು

ಊರು ಒಂದೇ ಆದರೂ ಅಂಗಡಿ ಬದಲಾದರೆ ಉಚ್ಚಾರ ಬದಲಾಗುತ್ತದೆ ಎಂದು ತೋರಿಸಿದವರು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್. 1962ರಲ್ಲಿ ಅವರು ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಗಿರಾಕಿಯ ಹಾಗೆ ಹೋದರು. ಸ್ಯಾಕ್ಸ್ ಶ್ರೀಮಂತರದ್ದು, ಮೇಸೀಸ್ ಮಧ್ಯಮ ವರ್ಗದ್ದು, ಎಸ್. ಕ್ಲೈನ್ ಅಗ್ಗದ ಬೆಲೆಯದ್ದು. ನಾಲ್ಕನೆಯ ಮಹಡಿಯಲ್ಲಿರುವ ಸಾಮಾನು ಯಾವುದೆಂದು ಮೊದಲೇ ತಿಳಿದುಕೊಂಡು, ಅದು ಎಲ್ಲಿದೆ ಎಂದು ಕೆಲಸದವರನ್ನು ಕೇಳುವುದು. ಉತ್ತರ "ಫೋರ್ತ್ ಫ್ಲೋರ್" ಆಗಲೇಬೇಕು. ಎರಡು ಪದ, ಎರಡು ರ್. ಆಮೇಲೆ ಸರಿಯಾಗಿ ಕೇಳಿಸಲಿಲ್ಲ ಎನ್ನುವ ಹಾಗೆ ಮುಂದೆ ಬಾಗಿ "ಎಕ್ಸ್‌ಕ್ಯೂಸ್ ಮಿ?" ಅನ್ನುವುದು. ಆಗ ಅವರು ಎರಡನೆಯ ಸಲ, ಎಚ್ಚರಿಕೆಯಿಂದ ಹೇಳುತ್ತಾರೆ. ಪಕ್ಕಕ್ಕೆ ಸರಿದು, ರ್ ಕೇಳಿಸಿತೋ ಇಲ್ಲವೋ ಬರೆದುಕೊಳ್ಳುವುದು.

ಆ ಕಾಲದ ನ್ಯೂಯಾರ್ಕಿನಲ್ಲಿ ರ್ ಹೇಳುವುದು ಪ್ರತಿಷ್ಠೆಯ ಲಕ್ಷಣ. ಸ್ಯಾಕ್ಸ್‌ನಲ್ಲಿ 62 ಶೇಕಡಾ ಮಂದಿ, ಮೇಸೀಸ್‌ನಲ್ಲಿ 51, ಕ್ಲೈನ್‌ನಲ್ಲಿ 20 ಶೇಕಡಾ ಮಂದಿ ಪೂರ್ತಿಯಾಗಿ ಅಥವಾ ಅಲ್ಲಲ್ಲಿ ರ್ ಹೇಳಿದರು. ಎರಡನೆಯ ಸಲ ಬಿಡಿಸಿ ಹೇಳುವಾಗ ರ್ ಇನ್ನೂ ಹೆಚ್ಚಿತು. ಅದೇ ಬಾಯಿ, ಅದೇ ಪದ, ನಡುವೆ ಕೆಲವೇ ಸೆಕೆಂಡು.

ಈ ಉಪಾಯವನ್ನು ನೀವೂ ಬಳಸಿ. ಅತಿಥಿ ಹೇಳಿದ ಪದ ಅರ್ಥವಾಗದಿದ್ದರೆ ತಲೆಯಾಡಿಸಿ ಸುಮ್ಮನಾಗಬೇಡಿ, "ಸಾರಿ?" ಎಂದು ಕೇಳಿ. ಎರಡನೆಯ ಸಲ ಬರುವುದು ನಿಘಂಟಿಗೆ ಹತ್ತಿರದ ರೂಪ. ಮೊದಲ ಸಲ ಬಂದದ್ದು ಅವರ ಮನೆಮಾತಿನ ರೂಪ. ಎರಡನ್ನೂ ನೆನಪಿಟ್ಟುಕೊಂಡರೆ ಒಂದೇ ಪ್ರಶ್ನೆಗೆ ಎರಡು ಪಾಠ.

ಹೆಜ್ಜೆ 6: ನಿಘಂಟು ಮತ್ತು ಫೋನನ್ನು ಸರಿಯಾಗಿ ಕೇಳಿ

ಡೇನಿಯಲ್ ಜೋನ್ಸ್ ಅವರ ಉಚ್ಚಾರ ನಿಘಂಟು ಬಂದದ್ದು 1917ರಲ್ಲಿ, ಜಾನ್ ವೆಲ್ಸ್ ಅವರದ್ದು 1990ರಲ್ಲಿ. ಹೀಗೇ ಹೇಳಬೇಕು ಎಂದು ಅಪ್ಪಣೆ ಕೊಡುವುದಕ್ಕಿಂತ ಜನ ಹೇಗೆ ಹೇಳುತ್ತಾರೆಂದು ದಾಖಲಿಸುವುದು ಇಬ್ಬರ ದಾರಿ. ವೆಲ್ಸ್ ಅಂತೂ ಒಂದು ಪದಕ್ಕೆ ಎರಡು ರೂಪವಿದ್ದರೆ ಎಷ್ಟು ಜನ ಯಾವುದನ್ನು ಮೆಚ್ಚುತ್ತಾರೆಂದು ಸಮೀಕ್ಷೆ ಮಾಡಿ ಅಂಕಿ ಕೊಟ್ಟರು. ಈಗಿನ ಆನ್‌ಲೈನ್ ನಿಘಂಟುಗಳಲ್ಲಿ ಮೂರು ವಿಷಯ ನೋಡಿ: ಬ್ರಿಟಿಷ್ ಮತ್ತು ಅಮೆರಿಕನ್ ಎಂದು ಬೇರೆ ಬೇರೆ ಇದೆಯೇ, ನಾಮಪದ ಕ್ರಿಯಾಪದಗಳಿಗೆ ಬೇರೆ ನಮೂದು ಇದೆಯೇ, ಚಿಲ್ಲರೆ ಪದಗಳಿಗೆ ಕುಗ್ಗಿದ ರೂಪ ಕೊಟ್ಟಿದ್ದಾರೆಯೇ.

ಸ್ಪೀಕರ್ ಚಿಹ್ನೆ ಒತ್ತಿದರೆ ಬರುವ ದನಿಯನ್ನು ಪೂರ್ತಿ ನಂಬಬೇಡಿ. ಅದು ಸ್ಟುಡಿಯೊದಲ್ಲಿ ಪದವನ್ನು ಒಂಟಿಯಾಗಿ ನಿಲ್ಲಿಸಿ ಹೇಳಿಸಿದ್ದು. ನಿಜವಾದ ಸಾಲಿನೊಳಗೆ ಕೇಳಬೇಕಾದರೆ ಯೂಗ್ಲಿಶ್ ಎಂಬ ತಾಣವಿದೆ. ಪದ ಹಾಕಿದರೆ ಯೂಟ್ಯೂಬ್ ವಿಡಿಯೊಗಳಲ್ಲಿ ಅದು ಬರುವ ಜಾಗಕ್ಕೇ ಕರೆದೊಯ್ಯುತ್ತದೆ, ದೇಶವನ್ನೂ ಆರಿಸಿಕೊಳ್ಳಬಹುದು. ಕನಿಷ್ಠ ನಾಲ್ಕೈದು ಬೇರೆ ಬೇರೆ ಬಾಯಿಗಳನ್ನು ಕೇಳದೆ ತೀರ್ಮಾನಕ್ಕೆ ಬರಬೇಡಿ.

ಹೆಜ್ಜೆ 7: ನಿಮ್ಮ ಬಾಯಿಗೆ ಒಂದು ರೂಪ ಆರಿಸಿ

ಇಲ್ಲಿ ಎರಡು ಬಗೆಯ ಅತಿ ಕಾಣುತ್ತದೆ. ಯಾರದೋ ಅಕ್ಸೆಂಟನ್ನು ನಕಲು ಮಾಡಿ ನಾಲಿಗೆ ಹೊರಳಿಸುವವರು ಒಂದು ಕಡೆ, ನಮ್ಮದೇ ಸರಿ ಎಂದು ಕೂತವರು ಇನ್ನೊಂದು ಕಡೆ. ಇಬ್ಬರ ಮಾತೂ ಎದುರಿನವರಿಗೆ ಅರ್ಥವಾಗುವುದು ಕಷ್ಟ. ಬೇರೆ ಬೇರೆ ಮಾತೃಭಾಷೆಯವರು ಇಂಗ್ಲಿಷಿನಲ್ಲಿ ಮಾತಾಡುವಾಗ ಯಾವುದರಿಂದ ನಿಜವಾಗಿ ತೊಡಕಾಗುತ್ತದೆ ಎಂದು ಭಾಷಾವಿಜ್ಞಾನಿ ಜೆನ್ನಿಫರ್ ಜೆಂಕಿನ್ಸ್ ಪಟ್ಟಿ ಮಾಡಿ 2000ರಲ್ಲಿ ಪ್ರಕಟಿಸಿದರು. ಅದರ ಪ್ರಕಾರ ಇಂಗ್ಲಿಷಿನಲ್ಲಿ ಟಿ-ಎಚ್ ಎಂದು ಬರೆಯುವ ತ್, ದ್ ಸದ್ದುಗಳನ್ನು ನಮ್ಮ ರೀತಿ ಹೇಳಿದರೆ ತೊಂದರೆಯಿಲ್ಲ, ಕುಗ್ಗಿದ ರೂಪಗಳನ್ನು ನಾವು ಹೇಳಲೇಬೇಕೆಂದಿಲ್ಲ. ಹ್ರಸ್ವ ದೀರ್ಘ, ಸಾಲಿನಲ್ಲಿ ಮುಖ್ಯ ಪದಕ್ಕೆ ಬೀಳುವ ಒತ್ತು, ಪದದ ಮೊದಲಿನ ಪ್, ಟ್, ಕ್ ಗಳ ಉಸಿರು ಇವು ಬೇಕು. ಪದದೊಳಗಿನ ಒತ್ತನ್ನು ಅವರು ಅಷ್ಟು ಮುಖ್ಯವೆಂದು ಎಣಿಸಲಿಲ್ಲ. ಪ್ರವಾಸಿಗರೊಂದಿಗೆ ವ್ಯವಹರಿಸುವವರಿಗೆ ಅದೂ ಬೇಕೆಂದೇ ನಾನು ಹೇಳುತ್ತೇನೆ.

ಉಸಿರಿನ ಮಾತು ನಮಗೆ ಸುಲಭ, ಮಹಾಪ್ರಾಣ ನಮ್ಮಲ್ಲೇ ಇದೆ. ಇಂಗ್ಲಿಷಿನ ಕಾಫಿ ಕಕಾರಕ್ಕಿಂತ ಖಕಾರಕ್ಕೆ ಹತ್ತಿರ. ಉಸಿರಿಲ್ಲದೆ ಪ್ಯಾಕ್ ಎಂದರೆ ಅವರಿಗೆ ಬ್ಯಾಕ್ ಎಂದು ಕೇಳಿಸಬಹುದು. ಬಾಯಿಯ ಮುಂದೆ ತೆಳು ಕಾಗದ ಹಿಡಿದು ಪ್ಯಾಕ್ ಎನ್ನಿ, ಕಾಗದ ಅಲುಗಬೇಕು.

ನಮ್ಮ ವಕಾರಕ್ಕೂ ಸ್ವಲ್ಪ ಕೆಲಸ ಬೇಕು. ಅದು ಇಂಗ್ಲಿಷಿನ ಎರಡು ಸದ್ದುಗಳ ನಡುವೆ ನಿಲ್ಲುತ್ತದೆ. ತೋಟ ತೋರಿಸುತ್ತ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿಯ ಮುಂದೆ ನಿಂತು "ದಿಸ್ ಇಸ್ ಪೆಪ್ಪರ್ ವೈನ್" ಎಂದರೆ, ಮೆಣಸಿನಿಂದ ವೈನ್ ಮಾಡುತ್ತಾರೆಯೇ ಎಂದು ಅತಿಥಿ ಹುಬ್ಬೇರಿಸುತ್ತಾರೆ. ಬಳ್ಳಿ ಎಂಬ ಅರ್ಥದ ವೈನ್ ಎನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಲಿ. ಕುಡಿಯುವ ವೈನ್ ಎನ್ನುವಾಗ ಹಲ್ಲು ತಾಗದೆ ತುಟಿ ದುಂಡಗಾಗಲಿ. ಎಗ್ ಅನ್ನು ಯೆಗ್, ಓನ್ಲಿಯನ್ನು ವೋನ್ಲಿ ಎನ್ನುವ ಕನ್ನಡದ ರೂಢಿಯನ್ನೂ ಗಮನಿಸಿ. ಇಯರ್ ಎಂದರೆ ಕಿವಿ, ಯಿಯರ್ ಎಂದರೆ ವರ್ಷ ಎಂಬಂಥ ಜೋಡಿಗಳಲ್ಲಿ ಮಾತ್ರ ಅದರಿಂದ ಅಪಾರ್ಥವಾಗುತ್ತದೆ.

ಇನ್ನು ಒಂದು ಪದವನ್ನು ಎಲ್ಲ ಹೆಜ್ಜೆಗಳಲ್ಲಿ ನಡೆಸಿ ನೋಟ್‌ಬುಕ್ಕಿನಲ್ಲಿ ಹೇಗೆ ಬರೆಯುವುದು ಎಂದು ತೋರಿಸಿಬಿಡುತ್ತೇನೆ. ಪದ: ದಾರಿ ಎನ್ನುವ ಅರ್ಥದ ರೂಟ್.

ಸಾಲು: "ವಿಚ್ ರೂಟ್ ಇಸ್ ಬೆಟರ್, ಚಾರ್ಮಾಡಿ ಆರ್ ಶಿರಾಡಿ?"
ಕೆಲಸ: ನಾಮಪದ. ಕ್ರಿಯಾಪದವಾದರೂ ಸದ್ದು ಅದೇ.
ತೂಕ: ಮುಖ್ಯ ಪದ, ಕುಗ್ಗುವುದಿಲ್ಲ.
ಅಕ್ಕಪಕ್ಕ: ಮುಂದೆ ಸ್ವರ ಬಂದರೆ ಅಮೆರಿಕನ್ನರ ಟ್ ಚಿಟಿಕೆಯಾಗಿ "ರೂಡಿಝ್" ಎಂದು ಕೇಳಿಸುತ್ತದೆ.
ಹೇಳುವವರು: ಬ್ರಿಟನ್ನಿನಲ್ಲಿ ರೂಟ್. ಅಮೆರಿಕದಲ್ಲಿ ರೂಟ್, ರೌಟ್ ಎರಡೂ.
ಗೊಂದಲ: ಗಿಡದ ಬೇರಿಗೂ ರೂಟ್ ಎಂಬುದೇ ಉಚ್ಚಾರ, ಸಾಲು ನೋಡಿ ತಿಳಿಯಬೇಕು.
ಸಂಬಂಧಿ: ವೈಫೈ ಪೆಟ್ಟಿಗೆ ಬ್ರಿಟನ್ನಿನಲ್ಲಿ ರೂಟರ್, ಅಮೆರಿಕದಲ್ಲಿ ರೌಟರ್. ನಮ್ಮಲ್ಲಿ ಬಸ್ಸಿನ ದಾರಿಗೆ ರೂಟ್, ಪೆಟ್ಟಿಗೆಗೆ ರೌಟರ್ ಎನ್ನುವವರೇ ಹೆಚ್ಚು.
ನನ್ನ ಬಾಯಿಗೆ: ದಾರಿಗೆ ರೂಟ್, ಪೆಟ್ಟಿಗೆಗೆ ರೌಟರ್. ಬ್ರಿಟಿಷ್ ಅತಿಥಿ "ವೇರ್ ಇಸ್ ದ ರೂಟರ್?" ಎಂದರೆ ಕೈ ತೋರಿಸಬೇಕಾದದ್ದು ಗೋಡೆಯ ಕಡೆ, ಗೇಟಿನ ಕಡೆ ಅಲ್ಲ.